ನಾಲ್ಕನೆಯ ದಶಾಂಶ

ರೈಲಿನ ಬಾಗಿಲು ತೆರೆದ ಕೂಡಲೇ ಚಳಿ ಮೊದಲು ಹಲ್ಲಿಗೆ ತಾಗುತ್ತದೆ. ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಮೂಗಿನೊಳಗೆ ಸಣ್ಣಗೆ ಚುಚ್ಚತೊಡಗಿದೆ. ಉಸಿರೆಳೆದರೆ ಗಂಟಲು ಒಣಗುತ್ತದೆ. ಜನವರಿಯ ಸಂಜೆ ಏಳೂವರೆ, ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ. ಮ್ಯೂನಿಕ್ ನಗರದ ಯು-6 ಮೆಟ್ರೊ ಮಾರ್ಗ ಇಲ್ಲಿಗೆ ಮುಗಿಯುತ್ತದೆ, ಗಾರ್ಶಿಂಗ್‌ನ ಸಂಶೋಧನಾ ಕೇಂದ್ರದಲ್ಲಿ. ಸುತ್ತಲೂ ಹಿಮ ಬಿದ್ದ ಹೊಲಗಳು, ನಡುವೆ ದೀಪ ಹೊತ್ತಿದ ಗಾಜಿನ ಕಟ್ಟಡಗಳು. ಜಾಕೆಟ್ಟಿನ ಜೇಬಿನಲ್ಲಿ ಮುಷ್ಟಿ ಬಿಗಿಹಿಡಿದು ನಡೆಯುತ್ತಿದ್ದೀರಿ. ಜಾರದಿರಲೆಂದು ಹಾದಿಗೆ ಎರಚಿದ ಸಣ್ಣ ಜಲ್ಲಿ ಬೂಟಿನಡಿ ಕರಕರ ಎನ್ನುತ್ತದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಕೋಡ್ ಪರೀಕ್ಷಕರ ಎದುರು ಓಡಬೇಕು. ಅದಿನ್ನೂ ಸರಿಯಾಗಿ ಓಡುತ್ತಿಲ್ಲ.

ಗಣಿತ ಮತ್ತು ಇನ್ಫರ್ಮ್ಯಾಟಿಕ್ಸ್ ಕಟ್ಟಡದ ಬಾಗಿಲು ತಳ್ಳಿದರೆ ಒಮ್ಮೆಲೇ ಬಿಸಿ. ಕನ್ನಡಕ ಮಂಜಾಗಿ ಏನೂ ಕಾಣದು. ಕಿವಿ ಮಾತ್ರ ಕೆಲಸ ಮಾಡುತ್ತದೆ. ಮೇಲಿನಿಂದ ಗುಡುಗಿನಂಥ ಸದ್ದೊಂದು ಇಳಿದು ಬರುತ್ತದೆ, ಅದರ ಹಿಂದೆಯೇ ಒಂದು ಕೂಗು, ಒಂದು ನಗು. ಮೂರನೆಯ ಮಹಡಿಯಿಂದ ನೆಲದವರೆಗೆ ಇಲ್ಲಿ ಎರಡು ಜಾರುಬಂಡೆಗಳಿವೆ, ಪ್ಯಾರಾಬೋಲಾದ ಆಕಾರದಲ್ಲಿ ಬಾಗಿದ ಎರಡು ಕೊಳವೆಗಳು. ಪರೀಕ್ಷೆ ಮುಗಿಸಿದವರು ಅದರಲ್ಲಿ ಜಾರಿ ಕೆಳಗೆ ಬರುತ್ತಾರೆ. ಈ ಸಂಜೆ ಅದು ನಿಮ್ಮದಲ್ಲ.

ಕಂಪ್ಯೂಟರ್ ಹಾಲ್‌ನಲ್ಲಿ ಒದ್ದೆ ಜಾಕೆಟ್ಟುಗಳ ವಾಸನೆ, ಯಂತ್ರದ ಕಾಫಿಯ ವಾಸನೆ, ಯಾರೋ ಅರ್ಧ ತಿಂದಿಟ್ಟ ಈರುಳ್ಳಿ ಬ್ರೆಡ್ಡಿನ ವಾಸನೆ. ನಿಮ್ಮ ಗುಂಪಿನ ಇಬ್ಬರೂ ಆಗಲೇ ಬಂದಿದ್ದಾರೆ. ಇಸ್ತಾಂಬುಲ್‌ನ ಹುಡುಗಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾಳೆ. ಚಿಲಿ ದೇಶದ ಹುಡುಗ ತಲೆಗೆ ಕೈ ಹೊತ್ತು ಪರದೆ ನೋಡುತ್ತಿದ್ದಾನೆ. ಪರದೆಯ ತುಂಬ ಒಂದೇ ಪದ, ಸಾಲಿನ ಮೇಲೆ ಸಾಲು: ನ್ಯಾನ್, ನ್ಯಾನ್, ನ್ಯಾನ್. ಇದು ಸಂಖ್ಯೆಯಲ್ಲ ಎಂದು ಯಂತ್ರ ಹೇಳುವ ರೀತಿ ಅದು. ನಿಮ್ಮ ಹೊಟ್ಟೆಯೊಳಗೆ ಏನೋ ಕುಸಿಯುತ್ತದೆ.

‘ಕಾಲದ ಹೆಜ್ಜೆ ಎಷ್ಟಿಟ್ಟಿದ್ದೀಯ?’ ಎಂದು ಕೇಳುತ್ತೀರಿ.

ಅವನು ತೋರಿಸುತ್ತಾನೆ. ಬೇಗ ಮುಗಿಯಲಿ ಎಂದು ದೊಡ್ಡದಾಗಿಯೇ ಇಟ್ಟಿದ್ದಾನೆ. ಇಷ್ಟಕ್ಕೆ ಭಯಪಡಬೇಕಿಲ್ಲ, ಇದರ ಔಷಧಿ ಗೊತ್ತಿದೆ. ಗ್ರಿಡ್‌ನ ಒಂದು ಚೌಕ ದಾಟಲು ಹರಿವಿಗೆ ಬೇಕಾಗುವ ಸಮಯಕ್ಕಿಂತ ದೊಡ್ಡ ಹೆಜ್ಜೆ ಇಟ್ಟರೆ ಲೆಕ್ಕ ಸಿಡಿಯುತ್ತದೆ. ಗಾಟಿಂಗೆನ್‌ನಲ್ಲಿ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು ಇದನ್ನು 1928ರಲ್ಲಿ ಜರ್ಮನ್ ಭಾಷೆಯಲ್ಲೇ ಬರೆದರು, ಎಲೆಕ್ಟ್ರಾನಿಕ್ ಕಂಪ್ಯೂಟರ್ ಎಂಬುದು ಇನ್ನೂ ಹುಟ್ಟದಿದ್ದಾಗ. ಹತ್ತು ವರ್ಷ ಕಳೆಯುವ ಮೊದಲೇ ನಾಜಿ ಆಳ್ವಿಕೆಯಿಂದಾಗಿ ಮೂವರೂ ದೇಶ ಬಿಟ್ಟು ಅಮೆರಿಕ ಸೇರಬೇಕಾಯಿತು. ಅವರ ಷರತ್ತು ಮಾತ್ರ ಇಲ್ಲೇ ಉಳಿದಿದೆ, ನಿಮ್ಮ ಕೋಡಿನ ಒಂದು ಸಾಲಿನಲ್ಲಿ. ಹೆಜ್ಜೆಯನ್ನು ಚಿಕ್ಕದು ಮಾಡುತ್ತೀರಿ. ನ್ಯಾನ್ ಮಾಯವಾಗಿ ಸಂಖ್ಯೆಗಳು ಇಳಿಯತೊಡಗುತ್ತವೆ. ಬೆನ್ನು ತಾನಾಗಿಯೇ ಕುರ್ಚಿಗೆ ಒರಗುತ್ತದೆ.

ಈಗ ಓಡುತ್ತಿರುವುದೇನೆಂದರೆ ಒಂದು ಚೌಕದ ಪೆಟ್ಟಿಗೆ. ಅದರ ತುಂಬ ದ್ರವ. ಮೂರು ಬದಿ ಗೋಡೆ. ಮೇಲಿನ ಮುಚ್ಚಳ ಮಾತ್ರ ಒಂದೇ ವೇಗದಲ್ಲಿ ಬಲಕ್ಕೆ ಸರಿಯುತ್ತಲೇ ಇರುತ್ತದೆ. ಮುಚ್ಚಳ ಎಳೆದ ಕಡೆಗೆ ದ್ರವ ಹೋಗಿ, ಗೋಡೆಗೆ ಬಡಿದು, ಕೆಳಗಿಳಿದು, ನಡುವೆ ಸುಳಿಯಾಗುತ್ತದೆ. ಹರಿವಿನ ಲೆಕ್ಕ ಕಲಿಯುವವರು ಲೋಕದಲ್ಲೆಲ್ಲ ಈ ಪೆಟ್ಟಿಗೆಯಿಂದಲೇ ಶುರು ಮಾಡುತ್ತಾರೆ. ಇದರ ಹಿಂದಿರುವುದು ನೇವಿಯರ್–ಸ್ಟೋಕ್ಸ್ ಸಮೀಕರಣ. ನೇವಿಯರ್ ಬರೆದದ್ದು 1822ರಲ್ಲಿ, ಸ್ಟೋಕ್ಸ್ 1845ರಲ್ಲಿ. ಮೂರು ಆಯಾಮದಲ್ಲಿ ಅದಕ್ಕೆ ಎಂದೂ ಕೆಡದ ಪರಿಹಾರ ಇದ್ದೇ ಇರುತ್ತದೆಯೇ ಎಂಬುದನ್ನು ಇಂದಿಗೂ ಯಾರೂ ಸಾಧಿಸಿಲ್ಲ. ಸಾಧಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಕಾದಿದೆ. ಆದರೆ ವಿಮಾನ ಹಾರಲೇಬೇಕು, ಮಳೆ ಎಲ್ಲಿ ಬೀಳುತ್ತದೆಂದು ಹೇಳಲೇಬೇಕು. ಹಾಗಾಗಿ ಜಾಗವನ್ನು ಚೌಕಗಳಾಗಿ ಕತ್ತರಿಸಿ, ಕಾಲವನ್ನು ಹೆಜ್ಜೆಗಳಾಗಿ ಕತ್ತರಿಸಿ, ಯಂತ್ರದ ಕೈಲಿ ಕೂಡಿಸಿ ಕಳೆಯಿಸುವುದು. ಕಂಪ್ಯೂಟೇಷನಲ್ ಸೈನ್ಸ್ ಎಂದರೆ ಬಹುಪಾಲು ಇದೇ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅದರ ಸ್ನಾತಕೋತ್ತರ ಪದವಿಗೆ ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ಪಾಠ ಇಂಗ್ಲಿಷಿನಲ್ಲಿ; ಬೇಕರಿ, ಬಾಡಿಗೆ, ಬ್ಯಾಂಕು ಎಲ್ಲ ಜರ್ಮನ್‌ನಲ್ಲಿ.

ಇಂದಿನ ಕೆಲಸ ಆ ಪೆಟ್ಟಿಗೆಯನ್ನು ನಾಲ್ಕಾಗಿ ಹಂಚುವುದು. ಅಡ್ಡ ಎರಡು, ಉದ್ದ ಎರಡು. ಒಂದೊಂದು ತುಂಡನ್ನು ಪ್ರೊಸೆಸರಿನ ಒಂದೊಂದು ಕೋರ್ ಲೆಕ್ಕ ಮಾಡುತ್ತದೆ. ಪ್ರತಿ ಹೆಜ್ಜೆಗೂ ತುಂಡುಗಳು ತಮ್ಮ ಅಂಚಿನ ಸಂಖ್ಯೆಗಳನ್ನು ನೆರೆಯ ತುಂಡಿಗೆ ಕಳಿಸಬೇಕು, ಇಲ್ಲವಾದರೆ ಗಡಿಯಾಚೆ ನೀರು ಹೇಗೆ ಹರಿಯುತ್ತಿದೆಯೆಂದು ಯಾರಿಗೂ ತಿಳಿಯದು. ಈ ಕೊಡುಕೊಳ್ಳುವಿಕೆಗೆ ಎಂಪಿಐ ಎಂಬ ವ್ಯವಸ್ಥೆ ಇದೆ. ಹತ್ತು ಗಂಟೆಯ ಹೊತ್ತಿಗೆ ಚಿತ್ರ ಬರುತ್ತದೆ. ಕೆಂಪು, ಹಳದಿ, ನೀಲಿ. ನಡುವೆ ದೊಡ್ಡ ಸುಳಿ, ಕೆಳಗಿನ ಮೂಲೆಗಳಲ್ಲಿ ಎರಡು ಪುಟ್ಟ ಸುಳಿ. ಪಠ್ಯಪುಸ್ತಕದಲ್ಲಿ ಇರುವಂತೆಯೇ ಇದೆ. ಇಸ್ತಾಂಬುಲ್‌ನ ಹುಡುಗಿ ಚಪ್ಪಾಳೆ ತಟ್ಟಿ ಎದ್ದು ನಿಲ್ಲುತ್ತಾಳೆ. ನೀವು ಚೀಲದಿಂದ ಮೊಸರನ್ನದ ಡಬ್ಬಿ ತೆಗೆಯುತ್ತೀರಿ. ಅದು ಒಣಗಿ ಗಟ್ಟಿಯಾಗಿದೆ. ಚಮಚ ಸುಲಭಕ್ಕೆ ನಾಟುವುದಿಲ್ಲ. ಆದರೂ ಆ ಇಂಗಿನ ವಾಸನೆಗೆ ಬಾಯಲ್ಲಿ ನೀರೂರುತ್ತದೆ.

ತಿನ್ನುತ್ತ ತಿನ್ನುತ್ತ, ಸುಮ್ಮನೆ, ಒಂದು ಸಂಖ್ಯೆಯನ್ನು ನೋಡುತ್ತೀರಿ.

ಪೆಟ್ಟಿಗೆಯ ನಡುಗೆರೆಯ ಮೇಲೆ ದ್ರವ ಅತಿ ಹೆಚ್ಚು ವೇಗದಲ್ಲಿ ಹಿಂದಕ್ಕೆ ಹರಿಯುವ ಒಂದು ಬಿಂದುವಿದೆ. ಅಲ್ಲಿನ ವೇಗ, ಒಂದೇ ಕೋರ್‌ನಲ್ಲಿ ಓಡಿಸಿದರೆ, −0.38127. ನಾಲ್ಕು ಕೋರ್‌ನಲ್ಲಿ ಓಡಿಸಿದರೆ, −0.38119.

ಚಮಚ ನಿಲ್ಲುತ್ತದೆ.

ಪೆಟ್ಟಿಗೆ ಅದೇ, ಮುಚ್ಚಳ ಅದೇ, ಸಮೀಕರಣ ಅದೇ. ಕೆಲಸವನ್ನು ಎಷ್ಟು ಜನ ಹಂಚಿಕೊಂಡರು ಎಂಬುದು ನೀರಿಗೆ ಗೊತ್ತಾಗಕೂಡದು. ಗೊತ್ತಾಗಿದೆ. ನಾಲ್ಕನೆಯ ದಶಾಂಶದಲ್ಲಿ.

‘ಅದು ಟಾಲರೆನ್ಸ್ ಕಣೋ’ ಅನ್ನುತ್ತಾನೆ ಚಿಲಿಯ ಹುಡುಗ, ಕಣ್ಣುಜ್ಜುತ್ತ. ‘ಒತ್ತಡದ ಲೆಕ್ಕವನ್ನು ನಾವು ಸಾಕು ಅನಿಸುವಲ್ಲಿಗೆ ನಿಲ್ಲಿಸುತ್ತೇವಲ್ಲ. ನಾಲ್ಕು ತುಂಡಾದಾಗ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಅಷ್ಟೇ.’

ಅವನ ಮಾತು ಸುಳ್ಳಲ್ಲ. ಹಾಗೂ ಆಗಬಹುದು, ಆಗುತ್ತದೆ ಕೂಡ. ನಂಬಬಹುದಾದ ನೆಪವಾದ್ದರಿಂದಲೇ ಅದು ಅಪಾಯದ ಮಾತು. ಪರೀಕ್ಷಿಸಲು ಒಂದೇ ದಾರಿ: ಆ ಮಿತಿಯನ್ನು ಸಾವಿರಪಟ್ಟು ಬಿಗಿ ಮಾಡುವುದು. ಅವನು ಹೇಳಿದ್ದು ಸರಿಯಾದರೆ ಎರಡು ಉತ್ತರಗಳೂ ಹತ್ತಿರ ಬರಬೇಕು. ಬಿಗಿ ಮಾಡುತ್ತೀರಿ. ಕಾಯುತ್ತೀರಿ. ಕಿಟಕಿಯಾಚೆ ಹಿಮ ಅಡ್ಡಡ್ಡ ಬೀಳುತ್ತಿದೆ. ಕಾಲ್ಬೆರಳುಗಳು ಈಗ ಬಿಸಿ ಮುಟ್ಟಿ ಜುಮ್ಮೆನ್ನುತ್ತಿವೆ. ಒಂದು ಕೋರ್: −0.38131. ನಾಲ್ಕು ಕೋರ್: −0.38123.

ಎರಡೂ ಸರಿದಿವೆ. ನಡುವಿನ ಅಂತರ ಒಂದಿಷ್ಟೂ ಕರಗಿಲ್ಲ.

ಯಾರೂ ಮಾತಾಡುವುದಿಲ್ಲ. ಕೋಡಿನಲ್ಲಿ ಎಲ್ಲೋ ಸುಳ್ಳಿದೆ ಎಂದು ಮೂವರಿಗೂ ಅರ್ಥವಾಗಿದೆ. ಆ ಸುಳ್ಳು ಕಣ್ಣಿಗೆ ಕಾಣುವುದಿಲ್ಲ ಎಂಬುದೂ ಮೂವರಿಗೂ ಗೊತ್ತು. ಚಿತ್ರದಲ್ಲಿ ಒಂದು ಚುಕ್ಕೆಯ ವ್ಯತ್ಯಾಸವಿಲ್ಲ. ಪರೀಕ್ಷಕರು ನೋಡುವುದು ಚಿತ್ರ.

ಹನ್ನೆರಡು ದಾಟಿದೆ. ತಲೆ ಕಾದು ಹೊರಗೆ ಬರುತ್ತೀರಿ, ಜಾಕೆಟ್ಟಿನ ಜಿಪ್ ಹಾಕದೆಯೇ. ಪಕ್ಕದಲ್ಲೇ ಲೈಬ್ನಿಟ್ಸ್ ಕಂಪ್ಯೂಟಿಂಗ್ ಕೇಂದ್ರ, ಘನಾಕಾರದ ಕಟ್ಟಡ. ಅದರೊಳಗೆ ಸೂಪರ್‌ಮುಕ್-ಎನ್‌ಜಿ ಇದೆ: 3,11,040 ಕೋರ್‌ಗಳು. 2018ರ ನವೆಂಬರ್‌ನಲ್ಲಿ ಲೋಕದ ಅತಿ ವೇಗದ ಯಂತ್ರಗಳ ಪಟ್ಟಿಯಲ್ಲಿ ಎಂಟನೆಯದಾಗಿ ಬಂದದ್ದು. ಅದನ್ನು ತಣಿಸುವುದು ಬಿಸಿನೀರಿನಿಂದ. ಚಿಪ್‌ಗಳು ಅದಕ್ಕಿಂತ ಬಿಸಿಯಾಗಿರುವುದರಿಂದ ಸ್ನಾನದ ನೀರಿಗಿಂತ ಬಿಸಿಯಾದ ನೀರೂ ಅವುಗಳ ಶಾಖವನ್ನು ಹೊತ್ತೊಯ್ಯಬಲ್ಲದು. ನೀರನ್ನು ಮೊದಲು ತಣ್ಣಗೆ ಮಾಡುವ ವಿದ್ಯುತ್ ಉಳಿಯುತ್ತದೆ. ಭೂಕಂಪ, ರಕ್ತನಾಳ, ನಕ್ಷತ್ರ ಎಲ್ಲದರ ಲೆಕ್ಕವೂ ಅಲ್ಲಿ ನಡೆಯುತ್ತದೆ. ನಿಮ್ಮ ಪೆಟ್ಟಿಗೆ ನಾಲ್ಕು ತುಂಡು. ಅಲ್ಲಿ ಒಂದೊಂದು ಲೆಕ್ಕ ಸಾವಿರಾರು ತುಂಡು. ನಾಲ್ಕಕ್ಕೇ ಇಷ್ಟು ಸುಳ್ಳು ಹುಟ್ಟಿದರೆ ಅಲ್ಲಿ ಎಷ್ಟು ಹುಟ್ಟೀತು? ಕತ್ತಿನ ಹಿಂದೆ ತಣ್ಣನೆಯದೊಂದು ಇಳಿಯುತ್ತದೆ. ಅದು ಹಿಮವೋ ಭಯವೋ ಹೇಳಲಾಗದು.

ಒಳಗೆ ಬಂದಾಗ ಹುಡುಗಿ ಜಾಕೆಟ್ ಹಾಕಿಕೊಂಡು ನಿಂತಿದ್ದಾಳೆ. ‘ಕೊನೆಯ ರೈಲಿಗೆ ಇಪ್ಪತ್ತು ನಿಮಿಷ ಇದೆ. ಈಗ ಕಳಿಸಿಬಿಡೋಣ. ಚಿತ್ರ ಸರಿ ಇದೆ, ಉತ್ತರ ಬೇಕಾದಷ್ಟು ಹತ್ತಿರ ಇದೆ. ನಾಳೆ ನನಗೆ ಇನ್ನೊಂದು ಪರೀಕ್ಷೆ ಇದೆ.’ ದನಿಯಲ್ಲಿ ಕೋಪವಿಲ್ಲ, ಬರೀ ದಣಿವು. ಮೂವರಿಗೂ ಒಂದೇ ಅಂಕ. ಕಳಿಸಬಾರದು ಎಂದರೆ ಅವರ ರಾತ್ರಿಯನ್ನೂ ನೀವೇ ತೆಗೆದುಕೊಂಡಂತೆ.

ಆ ಹೊತ್ತಿನ ತೂಕ ಹೊರಗಿನವರಿಗೆ ಹೇಳುವುದು ಕಷ್ಟ. ಕಣ್ಣು ಉರಿಯುತ್ತಿವೆ. ಹೊಟ್ಟೆಯಲ್ಲಿ ಕಾಫಿ ಹುಳಿಯಾಗಿ ಮೇಲೆ ಬರುತ್ತಿದೆ. ಮನಸ್ಸಿನ ಹಿಂದೆ ಬೇರೆಯೇ ಒಂದು ಲೆಕ್ಕ ಸದಾ ಓಡುತ್ತಿರುತ್ತದೆ: ವೀಸಾಕ್ಕಾಗಿ ತಡೆಖಾತೆಯಲ್ಲಿ ಇಟ್ಟ 11,904 ಯೂರೊ, ಅದರಿಂದ ತಿಂಗಳಿಗೆ ಕೈಗೆ ಬರುವ 992 ಯೂರೊ, ಅದರಲ್ಲಿ ಬಾಡಿಗೆಯೇ ನುಂಗುವ ಪಾಲು. 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಯೂರೋಪಿನ ಒಕ್ಕೂಟದ ಹೊರಗಿನಿಂದ ಹೊಸದಾಗಿ ಬರುವವರಿಗೆ ಈ ವಿಶ್ವವಿದ್ಯಾಲಯ ಶುಲ್ಕ ಹಾಕಿದೆ. ಸ್ನಾತಕೋತ್ತರಕ್ಕೆ ವಿಷಯ ನೋಡಿಕೊಂಡು ಸೆಮಿಸ್ಟರ್ ಒಂದಕ್ಕೆ 4,000 ಅಥವಾ 6,000 ಯೂರೊ. ಅರಸೀಕೆರೆಯಲ್ಲಿ ಮನೆಪತ್ರ ಬ್ಯಾಂಕಿನ ಕಪಾಟಿನಲ್ಲಿದೆ. ಇಷ್ಟೆಲ್ಲ ಇಟ್ಟು ಬಂದವರಿಗೆ ಒಂದು ವಿಷಯದಲ್ಲಿ ಅಂಕ ಹೋಗುವುದು ಬರೀ ಅಂಕ ಹೋಗುವುದಲ್ಲ. ಕಳಿಸಿಬಿಡು ಎಂದು ದೇಹದ ಒಂದೊಂದು ಮೂಳೆಯೂ ಹೇಳುತ್ತದೆ.

ತಡೆಯುವುದು ಎರಡು ವಾರದ ಹಿಂದೆ ತರಗತಿಯಲ್ಲಿ ಕೇಳಿದ ಒಂದು ಕತೆ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ, ಯುದ್ಧವನ್ನು ಒಪ್ಪದ ಕ್ವೇಕರ್. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಫ್ರಾನ್ಸಿನಲ್ಲಿ ಆಂಬ್ಯುಲೆನ್ಸ್ ಓಡಿಸಿದ. ಗಾಯಾಳುಗಳನ್ನು ಸಾಗಿಸುವ ಕೆಲಸದ ನಡುವೆ, ಚಳಿಯ ಬಿಡಾರದಲ್ಲಿ ಹುಲ್ಲಿನ ರಾಶಿಯ ಮೇಲೆ ಕುಳಿತು, ಹವಾಮಾನವನ್ನು ಲೆಕ್ಕದಿಂದ ಮುನ್ಸೂಚಿಸಬಹುದೇ ಎಂದು ನೋಡಿದ. ಆಯ್ದುಕೊಂಡ ದಿನ 1910ರ ಮೇ 20. ಆಯ್ದುಕೊಂಡ ಜಾಗ ಬವೇರಿಯಾ, ಇದೇ ಮ್ಯೂನಿಕ್‌ನ ಸುತ್ತಿನ ಆಕಾಶ. ಅವನ ಕೈಬರಹದ ಪ್ರತಿ 1917ರಲ್ಲಿ ಕದನದ ಗಡಿಬಿಡಿಯಲ್ಲಿ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯ ಕೆಳಗೆ ಸಿಕ್ಕಿತು. ಆರು ಗಂಟೆಗಳಲ್ಲಿ ಗಾಳಿಯ ಒತ್ತಡ 145 ಹೆಕ್ಟೊಪ್ಯಾಸ್ಕಲ್ ಏರುತ್ತದೆ ಎಂದು ಅವನ ಲೆಕ್ಕ ಹೇಳಿತು. ಅಂದು ನಿಜವಾಗಿ ಒತ್ತಡ ಹೆಚ್ಚುಕಡಿಮೆ ಅಲ್ಲಾಡಿರಲೇ ಇಲ್ಲ.

ಆ ಸಂಖ್ಯೆಯನ್ನು ಅವನು ಮುಚ್ಚಿಡಲಿಲ್ಲ. 1922ರ ತನ್ನ ಪುಸ್ತಕದಲ್ಲಿ ಕೋಷ್ಟಕ ಸಮೇತ, ಹೆಜ್ಜೆ ಸಮೇತ ಅಚ್ಚು ಹಾಕಿಸಿದ. ಹಾಗೆ ಹಾಕಿದ್ದರಿಂದಲೇ ದಶಕಗಳ ನಂತರ ಐರ್ಲೆಂಡಿನ ಪೀಟರ್ ಲಿಂಚ್ ಆ ಲೆಕ್ಕವನ್ನು ಮತ್ತೆ ಮಾಡಿ, ವಿಧಾನ ಕೆಟ್ಟದ್ದಲ್ಲ, ಶುರುವಿನಲ್ಲಿ ತುಂಬಿದ ಗಾಳಿ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದಿರಲಿಲ್ಲ ಎಂದು ತೋರಿಸಲು ಸಾಧ್ಯವಾಯಿತು. ಅವನ್ನು ಸರಿದೂಗಿಸಿದ ಮೇಲೆ 145 ಇದ್ದ ಜಾಗದಲ್ಲಿ ಒಂದಕ್ಕೂ ಕಡಿಮೆ ಬಂತು. ಈ ವಿದ್ಯೆಯ ಇತಿಹಾಸದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಆ ತಪ್ಪು ಮುನ್ಸೂಚನೆಯೇ.

‘ನೀವಿಬ್ಬರೂ ಹೋಗಿ’ ಅನ್ನುತ್ತೀರಿ. ‘ನಾನು ನೋಡುತ್ತೇನೆ. ಸಿಗದಿದ್ದರೆ ಎರಡು ಸಂಖ್ಯೆಯನ್ನೂ ವರದಿಯಲ್ಲಿ ಬರೆಯೋಣ.’

ಹುಡುಗಿ ನಿಮ್ಮ ಮುಖವನ್ನೇ ನೋಡುತ್ತಾಳೆ. ಆಮೇಲೆ ಜಾಕೆಟ್ ಕಳಚಿ ಕುರ್ಚಿಯ ಬೆನ್ನಿಗೆ ಎಸೆಯುತ್ತಾಳೆ. ‘ಕಾಫಿ ತರುತ್ತೇನೆ’ ಅನ್ನುತ್ತಾಳೆ. ಕೊನೆಯ ರೈಲು ಹೋಗುತ್ತದೆ.

ಒಂದು ಗಂಟೆಗೆ ಫೋನ್ ನಡುಗುತ್ತದೆ. ಊರಲ್ಲಿ ಈಗ ಐದೂವರೆ. ಅಮ್ಮನ ದನಿಯ ಹಿಂದೆ ಅಂಗಳಕ್ಕೆ ನೀರು ಚಿಮುಕಿಸುವ ಸದ್ದು, ಪಕ್ಕದ ಮನೆಯ ಪೊರಕೆ.

‘ಏನ್ ಮಗ, ಇನ್ನೂ ಮಲಗಿಲ್ವ? ಹಸಿರು ದೀಪ ಕಾಣ್ತಿತ್ತು, ಅದ್ಕೇ ಮಾಡ್ದೆ.’

‘ಕೆಲಸ ಐತಮ್ಮ. ನಾಳೆ ಪರೀಕ್ಷೆ.’

‘ಉಂಡ್ಯಾ?’

‘ಉಂಡೆ.’

‘ಸರಿ, ಹಂಗಾದ್ರೆ ಇಡ್ತೀನಿ. ಕಿವಿಗೆ ಟೋಪಿ ಹಾಕ್ಕೊ.’

ಅಷ್ಟೇ ಮಾತು. ಎದೆಯಲ್ಲಿ ಏನೋ ಗಟ್ಟಿಯಾಗಿ ಕೂರುತ್ತದೆ; ಒಂದು ಗುಟುಕು ನೀರು ಕುಡಿದರೂ ಇಳಿಯುವುದಿಲ್ಲ. ಪರದೆಗೆ ತಿರುಗುತ್ತೀರಿ.

ಎಲ್ಲಿ ಹುಡುಕುವುದು? ಸಾವಿರಾರು ಸಾಲು ಕೋಡ್. ಓದುತ್ತ ಹೋದರೆ ಕಣ್ಣು ತನಗೆ ಬೇಕಾದದ್ದನ್ನೇ ಓದುತ್ತದೆ. ಬೇರೆ ದಾರಿ ಹಿಡಿಯಬೇಕು. ಪೆಟ್ಟಿಗೆಯನ್ನು ಬೇರೆ ರೀತಿ ಕತ್ತರಿಸಿದರೆ? ಎರಡು ಅಡ್ಡ ಎರಡು ಉದ್ದದ ಬದಲು, ನಾಲ್ಕು ಉದ್ದದ ಪಟ್ಟಿ. ಕೋರ್ ನಾಲ್ಕೇ. ಓಡಿಸುತ್ತೀರಿ. ಚಿಲಿಯ ಹುಡುಗ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಅವನ ಉಸಿರು ಕೇಳುತ್ತದೆ. ಫ್ಯಾನುಗಳ ಗುಂಯ್ ಸದ್ದು. ಉತ್ತರ ಬರುತ್ತದೆ.

−0.38131.

ಒಂದು ಕೋರ್‌ನ ಉತ್ತರವೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ನಿಮ್ಮ ಬೆನ್ನು ನೆಟ್ಟಗಾಗುತ್ತದೆ. ಪಟ್ಟಿಯಾಗಿ ಕತ್ತರಿಸಿದರೆ ಸರಿ, ಚೌಕವಾಗಿ ಕತ್ತರಿಸಿದರೆ ತಪ್ಪು. ಚೌಕದಲ್ಲಿ ಇದ್ದು ಪಟ್ಟಿಯಲ್ಲಿ ಇಲ್ಲದ್ದು ಏನು? ಹಾಳೆ ಎಳೆದುಕೊಳ್ಳುತ್ತೀರಿ. ಪೆನ್ಸಿಲ್‌ನಿಂದ ನಾಲ್ಕು ತುಂಡು ಬರೆಯುತ್ತೀರಿ, ಪ್ರತಿ ತುಂಡಿನ ಸುತ್ತ ನೆರೆಯವರಿಂದ ಬಂದ ಸಂಖ್ಯೆ ತುಂಬುವ ಒಂದು ಸುತ್ತು ಖಾಲಿ ಚೌಕ. ಎಡದಿಂದ ಬಂದದ್ದಕ್ಕೆ ಗೆರೆ. ಬಲದಿಂದ, ಗೆರೆ. ಕೆಳಗಿನಿಂದ, ಮೇಲಿನಿಂದ, ಗೆರೆ, ಗೆರೆ. ಪೆನ್ಸಿಲ್ ಸುತ್ತು ಹೊಡೆದು ಒಂದು ಚೌಕದ ಮೇಲೆ ನಿಲ್ಲುತ್ತದೆ. ಮೂಲೆ. ನಾಲ್ಕೂ ತುಂಡುಗಳು ಕೂಡುವ ನಡುಮೂಲೆ. ಅಲ್ಲಿಗೆ ಯಾರೂ ಏನೂ ಕಳಿಸುತ್ತಿಲ್ಲ.

ಆ ಮೂಲೆಯ ಸಂಖ್ಯೆ ಬೇಕೇ? ಬೇಕು. ಅಡ್ಡ ವೇಗವನ್ನು ಲೆಕ್ಕ ಮಾಡುವಾಗ ಓರೆಯ ನೆರೆಯವನ ಉದ್ದ ವೇಗ ಬೇಕು, ಸೂತ್ರದಲ್ಲೇ ಇದೆ. ಅದು ಶುರುವಿನಿಂದಲೂ ಸೊನ್ನೆಯಾಗಿಯೇ ಕುಳಿತಿದೆ. ಒಂದೇ ಚೌಕ, ಪೆಟ್ಟಿಗೆಯ ನಟ್ಟನಡುವೆ, ಪ್ರತಿ ಹೆಜ್ಜೆಗೂ ಒಂದು ಸಣ್ಣ ಸುಳ್ಳು ಹೇಳುತ್ತಿದೆ.

‘ಮೂಲೆ!’ ಎಂದು ಕೂಗುತ್ತೀರಿ. ಹುಡುಗ ಬೆಚ್ಚಿ ಏಳುತ್ತಾನೆ.

ಸರಿಪಡಿಸುವುದು ಸುಲಭ. ಮೊದಲು ಎಡಬಲ ಕಳಿಸಿ, ಆಮೇಲೆ ಬಂದದ್ದನ್ನೂ ಸೇರಿಸಿಕೊಂಡು ಇಡೀ ಸಾಲನ್ನು ಮೇಲೆ ಕೆಳಗೆ ಕಳಿಸಿದರೆ ಮೂಲೆ ತಾನಾಗಿ ತುಂಬುತ್ತದೆ. ಹುಡುಗಿ ಬರೆಯುತ್ತಾಳೆ, ನೀವು ಓದುತ್ತೀರಿ. ಸಣ್ಣ ಗ್ರಿಡ್‌ನಲ್ಲಿ ಓಡಿಸಿದರೆ ಸರಿ. ದೊಡ್ಡ ಗ್ರಿಡ್. ಎಂಟರ್.

ಏನೂ ಇಲ್ಲ.

ಕರ್ಸರ್ ಮಿನುಗುತ್ತಿದೆ. ಹತ್ತು ಸೆಕೆಂಡು. ಅರ್ಧ ನಿಮಿಷ. ಕೋರ್‌ಗಳು ನಾಲ್ಕೂ ನೂರಕ್ಕೆ ನೂರು ಉರಿಯುತ್ತಿವೆ, ಒಂದು ಸಂಖ್ಯೆಯೂ ಹೊರಬರುತ್ತಿಲ್ಲ. ಮೂರೂವರೆ ಗಂಟೆ. ಅಂಗೈ ಬೆವರಿದೆ. ಕೊಲ್ಲು, ಮತ್ತೆ ಓಡಿಸು. ಮತ್ತೆ ಅದೇ. ಸಣ್ಣದರಲ್ಲಿ ಓಡಿತ್ತಲ್ಲ? ದೊಡ್ಡದರಲ್ಲಿ ಯಾಕಿಲ್ಲ? ಏನು ಬದಲಾಯಿತು? ಗಾತ್ರ. ಗಾತ್ರ ಮಾತ್ರ.

ಗಾತ್ರ! ಸಣ್ಣ ಸಂದೇಶವನ್ನು ಎಂಪಿಐ ತನ್ನಲ್ಲೇ ಇಟ್ಟುಕೊಂಡು ಕಳಿಸಿದವನನ್ನು ಬಿಟ್ಟುಬಿಡುತ್ತದೆ. ದೊಡ್ಡ ಸಂದೇಶವಾದರೆ ಎದುರಿನವನು ತೆಗೆದುಕೊಳ್ಳುವವರೆಗೂ ಬಿಡುವುದಿಲ್ಲ. ಎಲ್ಲರೂ ಕಳಿಸಲು ನಿಂತಿದ್ದಾರೆ, ತೆಗೆದುಕೊಳ್ಳಲು ಯಾರೂ ಇಲ್ಲ. ಇಕ್ಕಟ್ಟಿನ ಓಣಿಯಲ್ಲಿ ಎದುರುಬದುರಾದ ಎತ್ತಿನಗಾಡಿಗಳ ಹಾಗೆ. ಕಳಿಸುವುದನ್ನೂ ಕೊಳ್ಳುವುದನ್ನೂ ಒಟ್ಟಿಗೇ ಮಾಡುವ ಒಂದು ಕರೆ ಇದೆ. ಹುಡುಗಿಯ ಬೆರಳುಗಳು ಕೀಲಿಗಳ ಮೇಲೆ ಓಡುತ್ತವೆ. ಕಂಪೈಲ್. ತಪ್ಪು. ಅರ್ಧವಿರಾಮ ಬಿಟ್ಟಿದೆ. ಕಂಪೈಲ್. ಓಡಿಸು.

ಸಂಖ್ಯೆಗಳು ಇಳಿಯತೊಡಗುತ್ತವೆ.

ಎರಡು ಅಡ್ಡ ಎರಡು ಉದ್ದ: −0.38131.

ಯಾರೂ ಕುಣಿಯುವುದಿಲ್ಲ. ಹುಡುಗ ಹಣೆಯನ್ನು ಮೇಜಿಗೆ ತಾಗಿಸಿ ಹಾಗೇ ಇರುತ್ತಾನೆ. ನಿಮ್ಮ ಮೊಣಕಾಲು ಸಣ್ಣಗೆ ನಡುಗುತ್ತಿವೆ. ಇನ್ನೂ ದೊಡ್ಡ ಗ್ರಿಡ್‌ನಲ್ಲಿ ಒಂದು ಓಟ ಹಚ್ಚಿ, ಕುರ್ಚಿಗಳನ್ನು ಜೋಡಿಸಿ ಮಲಗುತ್ತೀರಿ.

ಬೆಳಿಗ್ಗೆ ಹತ್ತು. ಪರೀಕ್ಷಕರು ಚಿತ್ರವನ್ನು ಒಂದು ಕ್ಷಣವಷ್ಟೇ ನೋಡುತ್ತಾರೆ. ಆಮೇಲೆ ಕುರ್ಚಿ ತಿರುಗಿಸಿ ನಿಮ್ಮನ್ನು ಕೇಳುತ್ತಾರೆ: ‘ಇದು ಸರಿ ಎಂದು ನಿಮಗೆ ಹೇಗೆ ಗೊತ್ತು?’

ಗಂಟಲು ಒಣಗಿದೆ, ಆದರೂ ಹೇಳಲು ಇದೆ. ಒಂದು ಕೋರ್, ನಾಲ್ಕು ಪಟ್ಟಿ, ನಾಲ್ಕು ಚೌಕ, ಮೂರಕ್ಕೂ ಒಂದೇ ಉತ್ತರ. ಘಿಯಾ, ಘಿಯಾ, ಶಿನ್ ಎಂಬ ಮೂವರು ಇದೇ ಪೆಟ್ಟಿಗೆಗೆ 1982ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ, ಹರಿವಿನ ಬಿರುಸಿಗೂ ದ್ರವದ ಅಂಟಿಗೂ ಇರುವ ಅನುಪಾತವಾದ ರೇನಾಲ್ಡ್ಸ್ ಸಂಖ್ಯೆ 1000ಕ್ಕೆ ಇರುವುದು −0.38289, ನಿಮ್ಮದು −0.38131. ‘ಅಷ್ಟೇ ಬರಲಿಲ್ಲವಲ್ಲ?’ ಎಂದು ಅವರು. ಗ್ರಿಡ್‌ನ ಚೌಕಗಳನ್ನು ಸಣ್ಣ ಮಾಡಿದಷ್ಟೂ ಉತ್ತರ ಅದರ ಕಡೆಗೆ ಸರಿಯುತ್ತದೆ ಎಂದು ರಾತ್ರಿಯ ಓಟವನ್ನು ತೋರಿಸುತ್ತೀರಿ. ಹದಿನಾರು ಕೋರ್‌ಗೆ ಏರಿಸಿದಾಗ ವೇಗ ಹೆಚ್ಚಬೇಕಾದಷ್ಟು ಹೆಚ್ಚಲಿಲ್ಲ, ಕಾರಣ ಇನ್ನೂ ಸಿಕ್ಕಿಲ್ಲ ಎಂಬುದನ್ನೂ ಹೇಳುತ್ತೀರಿ. ಮೂಲೆಯ ಕತೆ ಹೇಳುವಾಗ ಅವರು ಮೊದಲ ಸಲ ಪೆನ್ ಎತ್ತಿಕೊಂಡು ಏನೋ ಬರೆದುಕೊಳ್ಳುತ್ತಾರೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಗಡಿ. ನಿಮ್ಮ ಮೂವರಿಗೂ 1.7.

ಈಗ, ಅರ್ಜಿಯ ಕಾಗದಗಳನ್ನು ಹರಡಿಕೊಂಡು ಕುಳಿತಿರುವ ಓದುಗರಿಗೆ ಒಂದು ಮಾತು. 2022ರ ನವೆಂಬರ್‌ನಿಂದ ಜರ್ಮನಿಗೆ ಓದಲು ಹೊರಡುವ ಭಾರತೀಯರಿಗೆ, ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು. ಅದಕ್ಕೆ ಸಮಯ ಇಟ್ಟುಕೊಳ್ಳಿ. ಶುಲ್ಕ ಹಾಕದ ವಿಶ್ವವಿದ್ಯಾಲಯಗಳು ಆ ದೇಶದಲ್ಲಿ ಇನ್ನೂ ಇವೆ, ಅವನ್ನೂ ನೋಡಿ. ಇದೇ ವಿದ್ಯೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದು ವಿಭಾಗವಿದೆ. 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗ ಎಂಬ ಯಂತ್ರವೂ ಆ ಸಂಸ್ಥೆಯಲ್ಲಿದೆ. ಸಾಗರ ದಾಟುವ ಮುನ್ನ ಅಲ್ಲಿಯ ಬಾಗಿಲನ್ನೂ ತಟ್ಟಿ.

ಅದಕ್ಕೂ ಮುಂಚೆ ಇವತ್ತು ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ಒಂದು ಕಬ್ಬಿಣದ ಸರಳಿನ ಮೇಲೆ ಐದು ಬಿಂದು ಇಡಿ. ನಡುವಿನದು ನೂರು ಡಿಗ್ರಿ, ಉಳಿದದ್ದೆಲ್ಲ ಸೊನ್ನೆ, ಎರಡು ತುದಿಗಳು ಯಾವತ್ತೂ ಸೊನ್ನೆಯೇ. ಪ್ರತಿ ಬಿಂದುವಿಗೆ ಎಡದ್ದನ್ನೂ ಬಲದ್ದನ್ನೂ ಕೂಡಿಸಿ, ಅದರದೇ ಬೆಲೆಯ ಎರಡರಷ್ಟನ್ನು ಕಳೆಯಿರಿ. ಬಂದದ್ದರ ಕಾಲು ಭಾಗವನ್ನು ಹಳೆಯ ಬೆಲೆಗೆ ಸೇರಿಸಿ. ನಡುವಿನದು ನೂರರಿಂದ ಐವತ್ತಾಗಿ, ಮೂವತ್ತೇಳೂವರೆಯಾಗಿ ತಣ್ಣಗಾಗುತ್ತದೆ. ಈಗ ಕಾಲು ಭಾಗದ ಬದಲು ಪೂರ್ತಿಯನ್ನೇ ಸೇರಿಸುತ್ತ ಹೋಗಿ. ನೂರು ಇದ್ದದ್ದು ಮೈನಸ್ ನೂರು, ಆಮೇಲೆ ಮುನ್ನೂರು. ಬೆಂಕಿಯೇ ಇಲ್ಲದೆ ಸರಳು ಮುನ್ನೂರು ಡಿಗ್ರಿ ಹೇಗಾಯಿತು ಎಂಬುದು ನಿಮ್ಮನ್ನು ಮಲಗಲು ಬಿಡದಿದ್ದರೆ ಅರ್ಜಿ ತುಂಬಿ. ಬಿಟ್ಟರೆ, ಮನೆಪತ್ರವನ್ನು ಬ್ಯಾಂಕಿಗೆ ಒಯ್ಯಬೇಡಿ.